ಹಿಂದಿನ ಟಯರಿನ ಸಮಾಚಾರ

ದಾರಿಯಲ್ಲಿ ಯಾರದಾದರೂ ಸೈಕಲ್ ನಿಂತಿರುವುದು ಕಂಡರೆ ಅದರ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಚಾಳಿ ನನಗಿದೆ. ಒಳ್ಳೆಯ ಚಾಳಿಯಲ್ಲ ಎಂದು ನನಗೂ ಗೊತ್ತು. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರಿದ್ದಾರೆ, ಎಳೆಗೂಸು ಕಂಡರೆ ಕೆನ್ನೆ ಹಿಂಡುವವರಿದ್ದಾರೆ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ನಾನು ಟಯರು ಒತ್ತಿದರೆ ಮಾತ್ರ ಜನ ಕಳ್ಳನನ್ನು ಕಂಡ ಹಾಗೆ ನೋಡುತ್ತಾರೆ. ಹೋದ ತಿಂಗಳು ಜಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ಲಿನ ಟಯರು ಒತ್ತುತ್ತಿದ್ದೆ. ಅದು ಪೊಲೀಸಿನವರೊಬ್ಬರ ಸೈಕಲ್ ಎಂದು ಗೊತ್ತಾದದ್ದು ಅವರು ಎದುರಿನ ಹೋಟೆಲಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ. "ಏನ್ರೀ, ಗಾಳಿ ಬಿಡಾಕೆ ನಿಮಗೆ ಬೇರೆ ಯಾರ ಸೈಕಲ್ಲೂ ಸಿಗಲಿಲ್ಲೇನು?" ಎಂದು ಗದರಿದರು. "ಬಿಡ್ತಿರಲಿಲ್ಲ ಸಾರ್, ಒತ್ತಡ ನೋಡ್ತಿದ್ದೆ" ಎಂದೆ. "ನಿಮ್ಮ ಒತ್ತಡ ನಿಮ್ಮ ಮನ್ಯಾಗೆ ಇಟ್ಕಳ್ರಿ" ಎಂದರು. ಟಯರು ಬಹಳ ಮೆತ್ತಗಿತ್ತು. ಮನೆಯಲ್ಲಿ ಏನಾದರೂ ವಿಶೇಷವೇ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮೀಸೆ ನೋಡಿ ನುಂಗಿಕೊಂಡೆ. ಟಯರಿಗೂ ಮನೆಯ ವಿಶೇಷಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದವನು.

ನಮ್ಮೂರು ನ್ಯಾಮತಿ. ನಮ್ಮಪ್ಪ ಸುತ್ತಲಿನ ಹಳ್ಳಿಗಳಲ್ಲಿ ಚಿಲ್ಲರೆಯಾಗಿ ಅಡಿಕೆ ಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಮೂಟೆ ಬಿಗಿದು ಹೊನ್ನಾಳಿಯವರೆಗೂ ತುಳಿದುಕೊಂಡು ಹೋಗುತ್ತಿದ್ದ ಸಣ್ಣ ವ್ಯಾಪಾರಿ. ಅವರಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಟಯರಿನ ಗಾಳಿಯ ಮೇಲೂ ಅಷ್ಟೇ ಭಕ್ತಿ. ಬೆಳಿಗ್ಗೆ ಎದ್ದು ಸ್ನಾನ, ಪೂಜೆ, ಹಣೆಗೆ ವಿಭೂತಿ. ಅದಾದ ಕೂಡಲೇ ಸೈಕಲ್ಲಿನ ಎರಡೂ ಟಯರಿಗೆ ಹೆಬ್ಬೆರಳು. ಬೆರಳು ಒಂದು ಕೂದಲಿನಷ್ಟು ಒಳಗೆ ಹೋದರೂ ಗೋಡೆಯ ಮೊಳೆಯಿಂದ ಪಂಪು ಕೆಳಗಿಳಿಯುತ್ತಿತ್ತು. ಗಾಳಿ ಹೊಡೆದ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರೆ ಹೊಸ ಮಡಕೆಯ ಹಾಗೆ ಠಣ್ ಎನ್ನಬೇಕು. "ಮೂಟೆ ಹೊರೋದು ಸೈಕಲ್ ಅಲ್ಲ ಕಣಲೇ, ಒಳಗಿರೋ ಗಾಳಿ. ಗಾಳಿ ಸಡಿಲಾದ್ರೆ ಟ್ಯೂಬ್ ಹೋಗ್ತೈತೆ, ಟ್ಯೂಬ್ ಹೋದ್ರೆ ಮೂಟೆ ರಸ್ತೆ ಮ್ಯಾಲೆ, ಆಮ್ಯಾಲೆ ಮನ್ಯಾಗೆ ಒಲೆ ಹೆಂಗೆ ಹತ್ತತೈತೆ?" ಎಂದು ನನಗೆ ಚಿಕ್ಕಂದಿನಲ್ಲೇ ಪಾಠ ಮಾಡಿದ್ದರು. ಮನುಷ್ಯರನ್ನೂ ಅವರು ಟಯರಿನಿಂದಲೇ ಅಳೆಯುತ್ತಿದ್ದರು. ನಮ್ಮಕ್ಕನನ್ನು ನೋಡಲು ಸೈಕಲ್ಲಿನಲ್ಲಿ ಬಂದಿದ್ದ ಒಂದು ಗಂಡು ಒಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ ಅಪ್ಪ ಹೊರಗೆ ಹೋಗಿ ಟಯರು ಒತ್ತಿ ಬಂದು, ಅಮ್ಮನ ಕಿವಿಯಲ್ಲಿ "ಬ್ಯಾಡ" ಎಂದರು. ಹುಡುಗ ಓದಿದವನು, ಹೊಲವಿದ್ದವನು. ಆದರೂ ಅಕ್ಕನಿಗೆ ಅವನು ತಪ್ಪಿಹೋದ.

ಇಂಥ ಮನೆತನದಲ್ಲಿ ಹುಟ್ಟಿದ ನಾನು ಚನ್ನಗಿರಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಪಿಯುಸಿಯಲ್ಲಿ ವಿಜ್ಞಾನ ಓದಿದೆ. ಓದಿದೆ ಎನ್ನುವುದಕ್ಕಿಂತ ವಿಜ್ಞಾನ ಇರುವ ಕಟ್ಟಡದಲ್ಲಿ ಓಡಾಡಿಕೊಂಡಿದ್ದೆ ಎಂದರೆ ಸರಿಹೋದೀತು. ಭೌತಶಾಸ್ತ್ರದಲ್ಲಿ ನನ್ನ ತಲೆಗೆ ಹತ್ತಿದ ಪಾಠ ಒಂದೇ, ಗಾಳಿಯ ಒತ್ತಡದ್ದು. ಆವತ್ತು ನಮ್ಮ ಮೇಷ್ಟ್ರು ಕ್ಲಾಸಿಗೆ ಒಂದು ಸೈಕಲ್ ಪಂಪು ತಂದಿದ್ದರು. ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿಸಿ, ಪಂಪು ಬಿಸಿಯಾಗುವುದನ್ನು ಮುಟ್ಟಿ ನೋಡಲು ಹೇಳಿದರು. ಇದ್ದಷ್ಟೇ ಜಾಗದಲ್ಲಿ ಗಾಳಿಯನ್ನು ತುರುಕಿದಷ್ಟೂ ಅದು ಟಯರಿನ ಗೋಡೆಗಳನ್ನು ತಳ್ಳುತ್ತದೆ. ಬಿಸಿಲಿಗೆ ಕಾದರೆ ಇನ್ನೂ ಜೋರಾಗಿ ತಳ್ಳುತ್ತದೆ, ತಣ್ಣಗಾದರೆ ಸುಮ್ಮನಾಗುತ್ತದೆ. ಭಾರವನ್ನು ಅದು ಕೂತ ಜಾಗದಿಂದ ಭಾಗಿಸಿದರೆ ಒತ್ತಡ. ಗಾಳಿ ಕಡಿಮೆಯಾದ ಟಯರು ನೆಲದ ಮೇಲೆ ಅಗಲವಾಗಿ ಕೂರುವುದು ಇದಕ್ಕೇ. ಒತ್ತಡದಲ್ಲಿ ಕಳೆದುಕೊಂಡದ್ದನ್ನು ಅದು ಜಾಗದಲ್ಲಿ ಗಿಟ್ಟಿಸಿಕೊಳ್ಳುತ್ತದೆ. ಅಪ್ಪ ಹೇಳುತ್ತಿದ್ದದ್ದೆಲ್ಲ ಪುಸ್ತಕದಲ್ಲೂ ಇದೆಯಲ್ಲ ಎಂದು ನನಗೆ ಮೈ ಜುಂ ಎಂದಿತು. ಪರೀಕ್ಷೆಯಲ್ಲಿ ಬೆಳಕು ಬಂತು, ಶಬ್ದ ಬಂತು, ಅಯಸ್ಕಾಂತ ಬಂತು. ಗಾಳಿ ಮಾತ್ರ ಬರಲಿಲ್ಲ. ನಾನು ನಪಾಸಾದೆ. ಆದರೆ ಆ ಒಂದು ಪಾಠವನ್ನು ಮಾತ್ರ ಬಿಡದೆ ಹಿಡಿದುಕೊಂಡು, ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಂದೆ.

ಆಮೇಲೆ ಜಗಳೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಹತ್ತಿರದ ಸೊಕ್ಕೆಯ ತಿಪ್ಪಣ್ಣನವರ ಮಗಳು ರತ್ನಳ ಜೊತೆ ಮದುವೆಯೂ ಆಯಿತು. ಜೋಳ, ಶೇಂಗಾ ಬೆಳೆಯುವ ಮನೆ. ನಮ್ಮ ಮಾವ ಮಾತು ಬಹಳ ಕಡಿಮೆ. "ಬರ್ರಿ", "ಉಣ್ರಿ", "ಹೋಗಿ ಬರ್ರಿ" ಎಂಬ ಮೂರು ಮಾತುಗಳಲ್ಲಿ ಅಳಿಯನ ಇಡೀ ಉಪಚಾರವನ್ನು ಮುಗಿಸುವವರು. ಮದುವೆಯಲ್ಲಿ ನನಗೆ ವಾಚು, ಸೈಕಲ್ಲು ಎರಡೂ ಕೊಟ್ಟರು. ವಾಚು ಬೇಗ ನಿಂತುಹೋಯಿತು. ಸೈಕಲ್ಲು ಗಟ್ಟಿಮುಟ್ಟಾದ, ಕರಿಯ, ಕ್ಯಾರಿಯರ್ ಇದ್ದ ಸೈಕಲ್ಲು. ಅದನ್ನು ನಾನು ಅಪ್ಪನ ಪದ್ಧತಿಯಂತೆ ಠಣ್ ಎನ್ನುವ ಹಾಗೆ ಇಟ್ಟುಕೊಂಡೆ. ಮದುವೆಗೆ ಮುಂಚೆ ರತ್ನ ನನ್ನನ್ನು ಕೇಳಿದ್ದು ಒಂದೇ ಮಾತು: "ಜಗಳೂರಿಂದ ನಮ್ಮೂರು ದೂರ ಏನಿಲ್ಲ. ಆಗಾಗ ಭಾನುವಾರ ಕರ್ಕಂಡು ಹೋಗ್ತೀರಿ, ಹೌದಿಲ್ಲೋ?" ನಾನು ಹೌದು ಎಂದಿದ್ದೆ. ಬಸ್ಸು ಇತ್ತಾದರೂ ಅದು ಬಂದರೆ ಬಂತು. ಹೀಗಾಗಿ ಅವಳ ತವರಿನ ಭಾಗ್ಯವೆಲ್ಲ ನನ್ನ ಸೈಕಲ್ಲಿನ ಕ್ಯಾರಿಯರಿನ ಮೇಲೆ ನಿಂತಿತ್ತು.

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ರಸ್ತೆಯೇ ಬೇರೆ, ಸೊಕ್ಕೆಯ ರಸ್ತೆಯೇ ಬೇರೆ. ಆಗ ಇಲ್ಲಿ ಜಲ್ಲಿ ಸುರಿದಿದ್ದರು, ಅದರ ಮೇಲೆ ಏನಾದರೂ ಹಾಕುವುದನ್ನು ಮುಂದಕ್ಕೆ ಹಾಕಿದ್ದರು. ಕಲ್ಲಿನಂಥ ಟಯರು ಕಲ್ಲಿನ ಮೇಲೆ ಹೋದರೆ ಏನಾಗಬೇಕೋ ಅದೇ ಆಗುತ್ತಿತ್ತು. ಮಡಿಸಿದ ಕಂಬಳಿಯ ಮೇಲೆ ಕೂತಿದ್ದರೂ ರತ್ನಳ ಮಾತು ಚೂರುಚೂರಾಗಿ ನನ್ನ ಕಿವಿಗೆ ಬರುತ್ತಿತ್ತು. "ನಿ...ಧಾ...ನ...ಕ್ಕೆ ಹೋ...ಗ್ರಿ" ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಒಂದು ಹಳ್ಳ ದಾಟಿರುತ್ತಿದ್ದೆವು. ಗಟ್ಟಿ ಟಯರಿನಿಂದ ತುಳಿಯುವವನ ಶ್ರಮ ಎಷ್ಟು ಉಳಿಯುತ್ತದೆ ಎಂಬುದನ್ನು ನಾನು ಮುಂದೆ ಕೂತು ವಿವರಿಸುತ್ತಿದ್ದೆ. ತುಳಿಯುತ್ತಿದ್ದವನು ನಾನಾದ್ದರಿಂದ ನನಗೆ ಆ ಲೆಕ್ಕ ಬಹಳ ಸರಿಯಾಗಿ ಕಾಣುತ್ತಿತ್ತು.

ಮದುವೆಯಾಗಿ ವರ್ಷ ತುಂಬುತ್ತಾ ಬಂದಾಗ ಈ ವಿಚಿತ್ರ ಶುರುವಾಯಿತು. ಸೊಕ್ಕೆಗೆ ಹೋಗುವಾಗ ಠಣ್ ಎನ್ನುತ್ತಿದ್ದ ಹಿಂದಿನ ಟಯರು, ಅಲ್ಲಿಂದ ಹೊರಡುವಾಗ ಹೆಬ್ಬೆರಳಿಗೆ ಹಿಟ್ಟಿನ ಮುದ್ದೆಯಂತೆ ಒಳಕ್ಕೆ ಹೋಗುತ್ತಿತ್ತು. ಮುಂದಿನದು ಇದ್ದ ಹಾಗೇ ಇರುತ್ತಿತ್ತು. ಒಂದು ಸಲ ಆದಾಗ ಮುಳ್ಳು ಚುಚ್ಚಿರಬೇಕು ಎಂದುಕೊಂಡೆ. ಆ ಕಡೆ ಜಾಲಿಮುಳ್ಳಿಗೆ ಬರವಿಲ್ಲ. ಜಗಳೂರಿಗೆ ಬಂದು ಸೈಕಲ್ ಶಾಪಿನ ಬುಡೇನ್ ಸಾಬರ ಹತ್ತಿರ ಟ್ಯೂಬು ಬಿಚ್ಚಿಸಿ ನೀರಿನಲ್ಲಿ ಅದ್ದಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಎರಡನೆಯ ಸಲವೂ ಹಾಗೆಯೇ ಆದಾಗ ನನ್ನ ಪಿಯುಸಿ ಎಚ್ಚರಗೊಂಡಿತು. ಸೈಕಲ್ಲು ನಿಲ್ಲಿಸಿದ ಕಡೆ ಹಿಂದಿನ ಚಕ್ರಕ್ಕೆ ಮಾತ್ರ ಬಿಸಿಲು ಬಿದ್ದು, ಒಳಗಿನ ಗಾಳಿ ಕಾದು, ವಾಲ್ವಿನ ರಬ್ಬರನ್ನು ಸಡಿಲಿಸಿಕೊಂಡು ಹೊರಗೆ ಹೋಗುತ್ತಿರಬೇಕು ಎಂದು ಲೆಕ್ಕ ಹಾಕಿದೆ. ಮುಂದಿನ ಸಲ ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದೆ. ನೆರಳಿನಲ್ಲೂ ಗಾಳಿ ಹೋಯಿತು.

ಇದನ್ನೆಲ್ಲ ರತ್ನಳಿಗೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ವಿವರಿಸಿದೆ. ಭಾರ, ಜಾಗ, ಒತ್ತಡ ಎಲ್ಲವನ್ನೂ ಅವಳ ಮುಂದಿದ್ದ ಹಿಟ್ಟಿನ ಮೇಲೆಯೇ ತೋರಿಸಿಕೊಟ್ಟೆ. ಹಿಟ್ಟನ್ನು ಅಂಗೈಯಿಂದ ಅಮುಕಿದರೆ ಅಗಲವಾಗಿ ಸ್ವಲ್ಪ ತಗ್ಗುತ್ತದೆ, ಬೆರಳಿನಿಂದ ಅಮುಕಿದರೆ ಆಳವಾಗಿ ತೂತು ಬೀಳುತ್ತದೆ. ಬಲ ಒಂದೇ, ಜಾಗ ಬೇರೆ. "ಗೊತ್ತಾತು ಬಿಡ್ರಿ. ನೀವು ಹಾಸಿಗೆ ತುಂಬಾ ಕೈಕಾಲು ಚಾಚ್ಕಂಡು ಮಲಗೋದು ನೆಲಕ್ಕೆ ಒತ್ತಡ ಕಮ್ಮಿ ಆಗಲಿ ಅಂತ" ಎಂದಳು. ನನ್ನ ಬೆರಳಿನ ತೂತು ಬಿದ್ದ ಹಿಟ್ಟನ್ನು ಮತ್ತೆ ಉಂಡೆ ಮಾಡಿಕೊಳ್ಳುತ್ತಾ ಅವಳು ನಕ್ಕ ರೀತಿ ನನಗೆ ಸರಿಬರಲಿಲ್ಲ. ಅವಳಿಗೆ ಏನೋ ಗೊತ್ತಿದೆ ಎನಿಸಿತು.

ಬುಡೇನ್ ಸಾಬರ ರೀತಿಯೂ ಸರಿಬರಲಿಲ್ಲ. ಸೊಕ್ಕೆಯಿಂದ ಬಂದ ಮರುದಿನ ಅವರ ಅಂಗಡಿಗೆ ಹೋದರೆ, ಹಿಂದಿನ ಟಯರು ಒತ್ತಿ ನೋಡಿ ಪಂಪು ಕೈಗೆ ತೆಗೆದುಕೊಳ್ಳದೆ ಸುಮ್ಮನೆ ನಿಲ್ಲುತ್ತಿದ್ದರು.

"ಹಿಂದಿಂದು ಮೆತ್ತಗೈತಲ್ಲ ಸಾರ್. ಹೊಡೀಲಾ, ಇರ್ಲಾ?"

"ಇರೋದೇನು? ಹೊಡೀರಿ, ಕಲ್ಲಿನಂಗೆ ಆಗಬೇಕು."

"ಮನ್ಯಾಗೆ ಅಮ್ಮಾವ್ರನ್ನ ಒಂದ್ ಮಾತು ಕೇಳಿದ್ರೇನು?"

"ಟಯರಿಗೆ ಗಾಳಿ ಹೊಡೆಸಾಕೆ ಮನ್ಯಾಗೆ ಕೇಳಬೇಕೇನ್ರಿ?" ಎಂದು ನನಗೆ ರೇಗಿತು.

"ನಿಮ್ಮಿಷ್ಟ ಸಾರ್" ಎಂದು ಅವರು ಗಾಳಿ ಹೊಡೆದರು. ಹೊಡೆಯುವಾಗ ನನ್ನ ಕಡೆ ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದರು. ಊರಿಗೆಲ್ಲ ನಾನು ಹೆಂಡತಿಗೆ ಹೆದರುವವನಂತೆ ಕಾಣುತ್ತಿದ್ದೇನೆಯೇ ಎಂದು ನನಗೆ ಹೊಸದೊಂದು ಚಿಂತೆ ಹತ್ತಿತು.

ಕೊನೆಗೆ ಕಳ್ಳ ಸಿಕ್ಕಿದ. ಒಂದು ಭಾನುವಾರ ಸೊಕ್ಕೆಯಲ್ಲಿ ಊಟ ಮುಗಿಸಿ, ನಿದ್ದೆ ಬಂದವನಂತೆ ಪಡಸಾಲೆಯಲ್ಲಿ ಮಲಗಿ ಕಿಟಕಿಯಿಂದ ನೋಡುತ್ತಿದ್ದೆ. ಮಾವ ಬಂದರು. ಆಚೆ ಈಚೆ ನೋಡಿದರು. ಸೈಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ವಾಲ್ವಿನ ಮೂತಿಯನ್ನು ಸಡಿಲಿಸಿದರು. ಉಸ್ ಎಂದಿತು. ಹೆಬ್ಬೆರಳಿನಿಂದ ಒತ್ತಿ ನೋಡಿದರು, ಇನ್ನಷ್ಟು ಬಿಟ್ಟರು, ಮತ್ತೆ ಒತ್ತಿದರು, ತೃಪ್ತಿಯಿಂದ ತಲೆಯಾಡಿಸಿ ಮೂತಿ ಬಿಗಿ ಮಾಡಿ ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಅವರೇ ಕೊಟ್ಟ ಸೈಕಲ್ಲು, ನಿಜ. ಆದರೆ ಅದರಲ್ಲಿದ್ದ ಗಾಳಿ ನನ್ನದು. ಇನ್ನೂ ಹೊಸ ಅಳಿಯ, ಮಾವನನ್ನು ಎದುರಿಗೆ ನಿಂತು ಕೇಳುವ ಹಾಗಿಲ್ಲ. ವಾಪಸು ಬರುವಾಗ ರತ್ನಳಿಗೆ ಹೇಳಿದೆ: "ನಿಮ್ಮಪ್ಪನಿಗೆ ನಾನು ಬರೋದು ಇಷ್ಟ ಇಲ್ಲ ಅಂತ ಕಾಣ್ತೈತೆ. ಅಳಿಯನ ಸೈಕಲ್ ಗಾಳಿ ಬಿಡೋದು ಯಾವ ಊರಿನ ಮರ್ಯಾದೆ? ಇನ್ನೊಂದು ಸಲ ಹಿಂಗಾದ್ರೆ ನಾನು ಸೊಕ್ಕೆಗೆ ಕಾಲಿಡಲ್ಲ, ನಿನ್ನನ್ನೂ ಕರ್ಕಂಡು ಬರಲ್ಲ." ಮೆತ್ತಗಿನ ಟಯರಿನಿಂದಾಗಿ ಅವತ್ತು ಅವಳ ಮೌನವೂ ಇಡಿಯಾಗಿ ಕೇಳಿಸಿತು. ನನಗೆ ಒಳಗೊಳಗೇ ಕಸಿವಿಸಿಯಾಯಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ.

ಆಮೇಲಿನ ಭಾನುವಾರ ಹೋದಾಗ ಎರಡೂ ಕಡೆ ತಯಾರಿ ಜೋರಾಗಿತ್ತು. ಮಾವ ಬಿಡುವಷ್ಟು ಗಾಳಿ ಬಿಟ್ಟ ಮೇಲೂ ನನಗೆ ಸಾಕಾಗುವಷ್ಟು ಉಳಿಯಲಿ ಎಂದು ನಾನು ಬುಡೇನ್ ಸಾಬರಿಂದ ಟಯರು ಸಿಡಿಯುವುದೊಂದು ಬಾಕಿ ಎನ್ನುವಷ್ಟು ಗಾಳಿ ಹೊಡೆಸಿದ್ದೆ. ನನ್ನ ಲೆಕ್ಕದಲ್ಲಿ ಒಂದು ದೋಷವಿತ್ತು. ಮಾವ ಇಷ್ಟು ಗಾಳಿ ಬಿಡಬೇಕೆಂದು ಬಿಡುತ್ತಿರಲಿಲ್ಲ; ತಮ್ಮ ಹೆಬ್ಬೆರಳು ಸಾಕು ಎನ್ನುವವರೆಗೆ ಬಿಡುತ್ತಿದ್ದರು. ಎಷ್ಟು ತುಂಬಿದರೇನು, ಕೊನೆಗೆ ಉಳಿಯುವುದು ಅವರ ಹೆಬ್ಬೆರಳಿನ ಅಳತೆ. ಅದೂ ಅಲ್ಲದೆ ಅವತ್ತು ಅವರ ಹೆಬ್ಬೆರಳಿಗೆ ಯಾಕೋ ಎಷ್ಟು ಬಿಟ್ಟರೂ ಸಮಾಧಾನವಾಗಲಿಲ್ಲ ಎಂದು ಕಾಣುತ್ತದೆ. ಹೊರಡುವಾಗ ಟಯರು ನೆಲದ ಮೇಲೆ ಹಪ್ಪಳದಂತೆ ಹರಡಿಕೊಂಡಿತ್ತು. ಅತ್ತೆ ಕ್ಯಾರಿಯರಿನ ಪಕ್ಕಕ್ಕೆ ಒಂದು ಶೇಂಗಾದ ಗಂಟು ಕಟ್ಟಿದರು. "ಹೋಗಿ ಬರ್ರಿ" ಎಂದರು ಮಾವ. ನಾನು ಹಲ್ಲು ಕಚ್ಚಿಕೊಂಡು ಹತ್ತಿದೆ.

ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಒಂದು ದಪ್ಪ ಕಲ್ಲಿಗೆ ಹಿಂದಿನ ಚಕ್ರ ತಗುಲಿತು. ಟಯರಿನಲ್ಲಿ ತಡೆಯುವಷ್ಟು ಗಾಳಿ ಇರಲಿಲ್ಲ. ಕಲ್ಲು ನೇರವಾಗಿ ರಿಮ್ಮಿಗೆ ಮುಟ್ಟಿತು, ನಡುವೆ ಸಿಕ್ಕಿದ ಟ್ಯೂಬು ಎರಡು ಕಡೆ ಸೀಳಿಹೋಯಿತು. ಇಬ್ಬರೂ ಇಳಿದೆವು. ನನಗೆ ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಗೆದ್ದ ಸಂತೋಷ. ನಮ್ಮಪ್ಪ ಹೇಳಿದಂತೆಯೇ ಆಗಿತ್ತು, ನಮ್ಮ ಮೇಷ್ಟ್ರು ಹೇಳಿದಂತೆಯೇ ಆಗಿತ್ತು. "ನೋಡಿದೆಯಾ?" ಎಂದು ಶುರುಮಾಡಿದೆ. ಸೈಕಲ್ಲು ತಳ್ಳುತ್ತಾ, ಒತ್ತಡ ಕಡಿಮೆಯಾದರೆ ಟ್ಯೂಬು ಹೇಗೆ ಸಾಯುತ್ತದೆ ಎಂದು ಬಹಳ ಹೊತ್ತು ಹೇಳಿದೆ. ರತ್ನ ಪಕ್ಕದಲ್ಲಿ ಸೆರಗು ಹೊದ್ದುಕೊಂಡು ನಡೆಯುತ್ತಿದ್ದಳು.

"ಅಪ್ಪನೇ ಬಿಟ್ಟಿದ್ದು, ಖರೆ" ಎಂದಳು.

"ಅದು ನನಗೂ ಗೊತ್ತು. ಯಾಕೆ ಅಂತ ಹೇಳು."

"ಗಟ್ಟಿ ಟಯರು ಎತ್ತಿ ಎತ್ತಿ ಹಾಕ್ತೈತೆ ಅಂತ."

"ಇಷ್ಟು ದಿನ ಎತ್ತಿ ಹಾಕ್ತಿರಲಿಲ್ಲೇನು?"

"ಇಷ್ಟು ದಿನ ನಾನೊಬ್ಬಾಕೇನೇ ಕುಂತ್ಕಂತಿದ್ದೆ."

ನಾನು ಕ್ಯಾರಿಯರಿನ ಕಡೆ ತಿರುಗಿ ನೋಡಿದೆ. ಕಂಬಳಿ ಇತ್ತು, ಗಂಟು ಇತ್ತು. "ಆ ಶೇಂಗಾ ಗಂಟು ಎಂಥಾ ಭಾರ ಆದೀತು? ಭಾರ ಜಾಸ್ತಿ ಆದ್ರೆ ಗಾಳಿ ಜಾಸ್ತಿ ಹೊಡೀಬೇಕು, ಬಿಡೋದಲ್ಲ" ಎಂದೆ.

ರತ್ನ ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು, ನನ್ನ ಮುಖ ನೋಡಿ ಮತ್ತೆ ನಕ್ಕಳು. ಅವಳ ಕೈ ಹೊಟ್ಟೆಯ ಮೇಲಿರುವುದು ಆಗ ನನಗೆ ಕಾಣಿಸಿತು. ನನ್ನಂಥವನಿಗೂ ಅಷ್ಟರಲ್ಲಿ ಅರ್ಥವಾಯಿತು. ಸಂತೋಷ ಒತ್ತಿಕೊಂಡು ಬಂತು, ಅದರ ಹಿಂದೆಯೇ ಭಯವೂ ಬಂತು. ಇಷ್ಟು ವಾರ ಕಲ್ಲಿನ ಮೇಲೆ ಕಲ್ಲಿನಂಥ ಟಯರು ಓಡಿಸಿದ್ದೆನಲ್ಲ. ಬಾಯಿಗೆ ಬಂದದ್ದು ಮಾತ್ರ ದೂರು: "ನಿಮ್ಮಪ್ಪನಿಗೆ ಹೇಳಿದೀಯ, ನನಗೆ ಹೇಳಲಿಲ್ಲ."

"ಅಪ್ಪಗೆ ಅದನ್ನೆಲ್ಲ ಯಾರು ಹೇಳ್ತಾರ್ರಿ? ನಾನು ಅವ್ವಗೆ ಹೇಳ್ದೆ. ಅವ್ವ ಅಪ್ಪಗೆ ಹೇಳಿದ್ಲು. ಅಪ್ಪ ನಿಮ್ಮ ಟಯರಿಗೆ ಹೇಳ್ದ. ನಮ್ಮ ಕಡೆ ಹಿಂದಿನ ಟಯರು ಮೆತ್ತಗಾತು ಅಂದ್ರೆ ಗಂಡಸರಿಗೆ ಗೊತ್ತಾಗ್ತೈತೆ. ನಿಮಗಂತೂ ಗೊತ್ತಾಗೇ ಆಗ್ತೈತೆ ಅಂದ್ಕಂಡ್ವಿ, ಗಾಳಿ ವಿಷಯ ಅಷ್ಟೊಂದು ಮಾತಾಡ್ತೀರಲ್ಲ!"

ಆಗ ಬುಡೇನ್ ಸಾಬರ ಅಯ್ಯೋ ಪಾಪ ಎನ್ನುವ ನೋಟವೂ ಅರ್ಥವಾಯಿತು. ಮರುದಿನ ಅವರ ಅಂಗಡಿಯಲ್ಲಿ ಟ್ಯೂಬಿನ ಎರಡು ತೂತಿಗೂ ತೇಪೆ ಹಾಕಿಸಿ, "ಹಿಂದಿಂದು ಸ್ವಲ್ಪ ಮೆತ್ತಗೇ ಇರ್ಲಿ ಸಾಬ್ರೆ" ಎಂದೆ. ಅವರು ಪಂಪು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. "ಈಗ ಗೊತ್ತಾತಾ ಸಾರ್! ಬಾಳಾ ಸಂತೋಸ" ಎಂದರು. ಪಕ್ಕದಲ್ಲಿ ಪಂಚರ್ ಹಾಕಿಸಿಕೊಳ್ಳುತ್ತಿದ್ದವರೂ ಸಂತೋಷಪಟ್ಟರು. ಅವತ್ತು ಸಂಜೆಯೊಳಗೆ ಸಂಘದ ಅಧ್ಯಕ್ಷರಿಗೂ ಸುದ್ದಿ ಮುಟ್ಟಿತ್ತು. ನಾನು ಯಾರಿಗೂ ಬಾ ಎಂದು ಕರೆದು ಹೇಳಲಿಲ್ಲ. ಟಯರು ಬೀದಿಯಲ್ಲಿ ಓಡಾಡಿತು, ಅಷ್ಟೇ.

ಸೊಕ್ಕೆಯಲ್ಲಿ ಹೆಣ್ಣುಮಗುವಾಯಿತು. ಮಗುವನ್ನು ನೋಡಲು ನಾನು ಹೋದ ದಿನ ಮಾವ ತಾವೇ ಪಂಪು ಹಿಡಿದು ಹಿಂದಿನ ಟಯರಿಗೆ ಠಣ್ ಎನ್ನುವಷ್ಟು ಗಾಳಿ ಹೊಡೆದರು. ಅದು ಅವರ ನಾಲ್ಕನೆಯ ಮಾತು ಎಂದು ನಾನು ತಿಳಿದುಕೊಂಡೆ. ಅಲ್ಲಿಗೆ ಈ ಕತೆ ಮುಗಿದಿದ್ದರೆ ನನ್ನ ಮರ್ಯಾದೆ ಒಂದಿಷ್ಟು ಉಳಿಯುತ್ತಿತ್ತು.

ಮಗಳು ನಡೆಯಲು ಕಲಿತ ಮೇಲಿನ ಮಾತು. ವಾಲ್ವಿನ ರಬ್ಬರು ಹಳತಾಗಿ ಹಿಂದಿನ ಟಯರು ಸ್ವಲ್ಪಸ್ವಲ್ಪವೇ ಗಾಳಿ ಬಿಡುತ್ತಿತ್ತು. ಇವತ್ತು ಹಾಕಿಸೋಣ, ನಾಳೆ ಹಾಕಿಸೋಣ ಎಂದು ಸೋಮಾರಿತನ ಮಾಡಿದೆ. ಸಂತೆಗೆ ಬಂದಿದ್ದ ಸೊಕ್ಕೆಯವರು ಯಾರೋ ನನ್ನ ಸೈಕಲ್ಲು ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅತ್ತೆ ಮಾವ ಇಬ್ಬರೂ ನಿಂತಿದ್ದಾರೆ. ಕೈಯಲ್ಲಿ ಸಜ್ಜೆ ರೊಟ್ಟಿ, ಹುಣಸೆಕಾಯಿ ತೊಕ್ಕು, ಹಸಿರು ಬಳೆ. ಅತ್ತೆ ರತ್ನಳ ಕೆನ್ನೆ ಸವರಿ ಕಣ್ಣಲ್ಲಿ ನೀರು ತಂದುಕೊಂಡರು. ರತ್ನಳಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು, ಆದರೆ ಹೇಗೆ ಹೇಳುವುದು? ಕೊನೆಗೆ ವಾಲ್ವನ್ನೇ ಬಿಚ್ಚಿ ತಂದು ಮಾವನ ಕೈಯಲ್ಲಿಟ್ಟು, ರಬ್ಬರಿನ ಬಿರುಕು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ವಾಪಸು ಕೊಟ್ಟು, ರೊಟ್ಟಿ ಇಟ್ಟು, ಬಳೆ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು. ಅವರು ಹೋದ ಮೇಲೆ ರತ್ನ ನನ್ನನ್ನು ಬಿಡಿಸಿ ಬಿಡಿಸಿ ಬೈದಳು. "ನಾಕು ಜನದಾಗೆ ನನ್ನ ಮಾನ ಹೋತು. ಇನ್ಮ್ಯಾಲೆ ಆ ಟಯರು ಸುಮ್‌ಸುಮ್ಮನೆ ಮೆತ್ತಗಾದ್ರೆ ನೋಡ್ರಿ!" ಎಂದಳು. ನಾನು ಆಣೆ ಮಾಡಿದೆ. ಅಂದಿನಿಂದ ಅಪ್ಪನಂತೆ ನಾನೂ ಪ್ರತಿದಿನ ಬೆಳಿಗ್ಗೆ ಹೆಬ್ಬೆರಳು ಇಟ್ಟು ನೋಡತೊಡಗಿದೆ. ಹೊಸ ಪಂಪು ಕೊಂಡು ಗೋಡೆಗೆ ನೇತುಹಾಕಿದೆ.

ಆ ಆಣೆಯನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆ ಎಂದರೆ, ಅದೇ ನನಗೆ ಮುಳುವಾಯಿತು. ಇನ್ನೊಂದು ಬೇಸಿಗೆಯಲ್ಲಿ ಅಪ್ಪ ಮೊಮ್ಮಗಳನ್ನು ನೋಡಲು ನ್ಯಾಮತಿಯಿಂದ ಬಂದು ನಮ್ಮಲ್ಲಿ ಉಳಿದುಕೊಂಡಿದ್ದರು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಅಂಗಳದ ಬಾಡಿಗೆ ಮನೆ. ಕೋಣೆಯಲ್ಲಿ ಅಪ್ಪ, ಅಪ್ಪನ ಸುತ್ತ ಮಗಳು. ಗಂಡ ಹೆಂಡತಿ ಒಂದು ಮಾತು ಆಡಬೇಕಾದರೂ ಅದು ಉಪ್ಪು ಹುಳಿಯ ಮಾತೇ ಆಗಬೇಕಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಹಿಂದಿನ ಟಯರು ಮೆತ್ತಗಾಗಿದೆ. ಆಣೆ ನೆನಪಾಗಿ ಗಾಬರಿಯಿಂದ ಪಂಪು ಇಳಿಸಿದೆ. ಮರುದಿನವೂ ಮೆತ್ತಗೆ. ಬುಡೇನ್ ಸಾಬರಲ್ಲಿಗೆ ಓಡಿ ಹೊಸ ವಾಲ್ವ್ ರಬ್ಬರ್ ಹಾಕಿಸಿದೆ. ಮತ್ತೆ ಮೆತ್ತಗೆ. ಅಪ್ಪ ತಾವೇ ಟ್ಯೂಬು ಬಿಚ್ಚಿ ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿದರು. ಗುಳ್ಳೆ ಇಲ್ಲ. "ಅಪ್ಪಾ, ಹಗಲು ಬಿಸಿಲಿಗೆ ಕಾದ ಗಾಳಿ ರಾತ್ರಿ ತಣ್ಣಗಾದರೆ ಒತ್ತಡ ಇಳೀತೈತೆ" ಎಂದು ನಾನು ವಿವರಿಸಿದೆ. "ಮುಂದಿನ ಚಕ್ರಕ್ಕೆ ರಾತ್ರಿ ಆಗಲ್ಲೇನಲೇ?" ಎಂದರು ಅಪ್ಪ. ವಾಲ್ವಿನ ಮೂತಿಯ ಮೇಲೆ ಏನೋ ಬಿಳಿ ಪುಡಿ ಅಂಟಿಕೊಂಡಿರುವುದನ್ನು ಅವರು ತೋರಿಸಿದಾಗ, ರಬ್ಬರು ಕಳಪೆಯಾದರೆ ಹೀಗೆ ಪುಡಿ ಉದುರುತ್ತದೆ ಎಂದು ಅದಕ್ಕೂ ಕಾರಣ ಹೇಳಿದೆ. ಇನ್ನೊಂದು ರಬ್ಬರ್ ಹಾಕಿಸಿದೆ. ಟ್ಯೂಬನ್ನೇ ಬದಲಾಯಿಸಿದೆ. ಟಯರನ್ನೂ ಬದಲಾಯಿಸುವ ಯೋಚನೆಯಲ್ಲಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಪಂಪಿನ ಬುಡವನ್ನು ಎರಡು ಪಾದಗಳಿಂದ ಮೆಟ್ಟಿ ಹಿಡಿದಿದ್ದರು. ನಾನು ಎರಡು ಕೈಯಿಂದ ಮೇಲೆ ಕೆಳಗೆ ಹೊಡೆಯುತ್ತಿದ್ದೆ. ಪಂಪು ಕಾದು ಕೈಗೆ ಬಿಸಿ ತಾಗುತ್ತಿತ್ತು, ಇಬ್ಬರೂ ಬೆವೆತುಹೋಗಿದ್ದೆವು. "ಇನ್ನೂ ಹೊಡಿ, ಇನ್ನೂ ಹೊಡಿ" ಎಂದು ಅಪ್ಪ ಹುರಿದುಂಬಿಸುತ್ತಿದ್ದರು. ಕೊನೆಗೆ ಅವರು ಗೆಣ್ಣಿನಿಂದ ಕುಟ್ಟಿದರು. ಠಣ್ ಎಂದಿತು. ತಂದೆ ಮಕ್ಕಳಿಬ್ಬರೂ ಮುಖ ಮುಖ ನೋಡಿಕೊಂಡು ಸಂತೋಷಪಟ್ಟೆವು. ಆಗ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ರತ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಅಂಗಳಕ್ಕೆ ಇಳಿದು ಬಂದಳು. ನಮ್ಮಪ್ಪನ ಮುಂದೆ ಯಾವತ್ತೂ ಹಾಗೆ ಬಂದವಳಲ್ಲ. ನಮ್ಮಿಬ್ಬರ ನಡುವೆ ಬಗ್ಗಿ ಕೂತು ವಾಲ್ವಿನ ಮೂತಿಗೆ ಕೈ ಹಾಕಿದಳು. ಉಸ್ ಎಂದು ಗಾಳಿ ಹೋಗತೊಡಗಿತು. ಅಷ್ಟು ತುಂಬಿದ್ದರಿಂದ ಬಹಳ ಹೊತ್ತು ಹೋಯಿತು. ಅವಳು ಥೇಟ್ ಅವರಪ್ಪನ ಹಾಗೆಯೇ ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನಷ್ಟು ಬಿಟ್ಟು, ಮತ್ತೆ ಒತ್ತಿ, ಮೂತಿ ಬಿಗಿ ಮಾಡಿ ಎದ್ದು ಒಳಗೆ ಹೋದಳು. ವಾಲ್ವಿನ ಮೂತಿಯ ಮೇಲೆ ಜೋಳದ ಹಿಟ್ಟು ಬೆಳ್ಳಗೆ ಅಂಟಿಕೊಂಡಿತ್ತು.

"ಏನಲೇ ಇದು? ಸೊಸಿ ಗಾಳಿ ಬಿಟ್ಟು ಹೋದ್ಲಲ್ಲ!" ಎಂದರು ಅಪ್ಪ.

ನನ್ನ ಕೈಯಲ್ಲಿ ಬಿಸಿ ಪಂಪು ಹಾಗೇ ಇತ್ತು. ಒತ್ತಡದ ಬಗ್ಗೆ ಜೀವಮಾನವಿಡೀ ಮಾತಾಡಿದವನಿಗೆ ಆ ಹೊತ್ತಿನಲ್ಲಿ ಒಂದು ನಿಯಮವೂ ನೆನಪಾಗಲಿಲ್ಲ. "ಅಪ್ಪಾ, ಈ ಕಡೆ... ಹಿಂದಿನ ಟಯರು ಮೆತ್ತಗಿದ್ರೆ... ಮನ್ಯಾಗೆ..." ಎಂದು ತಡವರಿಸಿ, ಮೊಮ್ಮಗಳ ಕಡೆ ತೋರಿಸಿ, ಇನ್ನೊಂದು ಎನ್ನುವಂತೆ ಕೈ ಮಾಡಿದೆ. ಅಪ್ಪ ಟಯರಿನ ಮೇಲೆ ಹೆಬ್ಬೆರಳು ಇಟ್ಟರು. ಅದು ಮೆತ್ತಗೆ ಒಳಗೆ ಹೋಯಿತು. ತಮ್ಮ ಆಯುಸ್ಸಿನಲ್ಲಿ ಮೊದಲ ಸಲ ಅವರು ಅದನ್ನು ಹಾಗೆಯೇ ಬಿಟ್ಟು, ನನ್ನ ಕೈಯಿಂದ ಪಂಪು ಕಿತ್ತುಕೊಂಡು, ಅದರ ರಬ್ಬರ್ ಕೊಳವೆಯನ್ನು ಜೋಪಾನವಾಗಿ ಸುತ್ತಿ ಗೋಡೆಗೆ ನೇತುಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ದಿನದಿಂದ ನನ್ನ ಕೈಲಿ ಗಾಳಿ ಹೊಡೆಸ್ತಿದೀಯಲ್ಲ, ಮೊದಲೇ ಬಾಯಿಬಿಟ್ಟು ಹೇಳಾಕೆ ಏನಾಗಿತ್ತಲೇ ನಿನಗೆ?"

ಗೊತ್ತಿದ್ದೂ ನಾಚಿಕೆಯಿಂದ ಹೇಳದ ಮಗ ಎಂದು ಅವರು ತಿಳಿದುಕೊಂಡಿದ್ದರು. ಗೊತ್ತೇ ಇರಲಿಲ್ಲ ಎನ್ನುವುದಕ್ಕಿಂತ ಅದೇ ವಾಸಿ ಎನಿಸಿ, ತಲೆ ತಗ್ಗಿಸಿ ನಾಚಿಕೊಂಡು ನಿಂತೆ. ಅಡುಗೆಮನೆಯಿಂದ ರತ್ನ ನಗುವುದು ಕೇಳಿಸಿತು.